ಜೆ.ಪಿ. ಪಟ್ಟಿಯಲ್ಲಿ ಇಲ್ಲದಿದ್ದ ಕಾಲಂ

ಕಲ್ಯಾಣದಿಂದ ಮಾಳಶೇಜ್ ಘಾಟಿಯ ಕಡೆ ಹೊರಟರೆ ದಾರಿಯಲ್ಲಿ ಮುರ್ಬಾಡ್ ಸಿಗುತ್ತದೆ. ಮುಂಬಯಿ ಜನ ನಾನಾ ಶಂಕರಶೇಟ್ ಎಂದು ಕರೆಯುವ ಜಗನ್ನಾಥ ಶಂಕರಶೇಟರ ಮನೆತನ ಆ ಊರಿನದು. ಕಲ್ಯಾಣದಿಂದ ಈಚೆ, ಖಾಡಿಯ ದಂಡೆಯ ಥಾಣೆಯಲ್ಲಿ 1848ರಲ್ಲಿ ಇನ್ನೊಬ್ಬರು ಹುಟ್ಟಿದರು. ಅವರು ನಾರಾಯಣ ಮೇಘಾಜಿ ಲೋಖಂಡೆ. ಒಬ್ಬರು ಆಭರಣ ಮತ್ತು ಲೇವಾದೇವಿಯ ಶ್ರೀಮಂತ ಮನೆಯವರು, ಇನ್ನೊಬ್ಬರು ಬಡ ಮಾಳಿ ಕುಟುಂಬದವರು. ಇಬ್ಬರ ಹೆಸರಿನ ಮುಂದೆಯೂ ಒಂದೇ ಸರ್ಕಾರಿ ಗೌರವ ಬಂದು ಕೂತಿತು: ಜಸ್ಟಿಸ್ ಆಫ್ ದಿ ಪೀಸ್, ಜನರ ಬಾಯಲ್ಲಿ ಜೆ.ಪಿ. ವಕೀಲಿ ಓದದ, ಸಂಬಳ ಪಡೆಯದ, ಆದರೂ ಕಾನೂನಿನ ಅಧಿಕಾರದ ಒಂದು ಪಾಲನ್ನು ಕೈಯಲ್ಲಿ ಹಿಡಿದ ನಾಗರಿಕ ಎಂದು ಅದರ ಅರ್ಥ. ಶಂಕರಶೇಟರಿಗೆ ಅದು 1834ರಲ್ಲಿ ಬಂತು. ಲೋಖಂಡೆಯವರಿಗೆ ಬಂದಾಗ 19ನೆಯ ಶತಮಾನ ಮುಗಿಯುತ್ತ ಬಂದಿತ್ತು.

ಒಂದೇ ಜಿಲ್ಲೆಯ ಈ ಇಬ್ಬರ ನಡುವೆ ಅರ್ಧ ಶತಮಾನಕ್ಕೂ ಮೀರಿದ ಅಂತರ ಏಕೆ ಬಂತು? ಇದು ಕೇಳಲೇಬೇಕಾದ ಪ್ರಶ್ನೆ ಎಂದು ಯಾರಿಗಾದರೂ ಹೊಳೆಯಲಿಕ್ಕೇ ಬಹಳ ಕಾಲ ಹಿಡಿಯಿತು. ಜನಸಾಮಾನ್ಯರ ಹೆಸರಿನಲ್ಲಿ ನ್ಯಾಯಪೀಠಕ್ಕೆ ನೇಮಕವಾಗಿ ಬಂದವರು ಸಮಾಜದ ಒಂದೇ ಪದರದವರು ಎಂಬ ಸಂಗತಿ ಬೆಳಕಿಗೆ ಬಂದ ಕತೆ ಇದು. ಒಬ್ಬ ವಿದ್ವಾಂಸ ಒಂದು ದಿನ ಕಂಡುಹಿಡಿದದ್ದಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಪಟ್ಟಿಗಳನ್ನು ಹೊಸ ಕಣ್ಣಿನಿಂದ ಓದಿದವರು ಸೇರಿ ಕಂಡದ್ದು.

ಮೊದಲು ಪಟ್ಟಿ. ಕಂಪನಿ ಸರ್ಕಾರದ ಆರಂಭದಲ್ಲಿ ಮುಂಬಯಿಯ ಜೆ.ಪಿ.ಗಳೆಲ್ಲ ಬ್ರಿಟಿಷರೇ. 1826ರ ಜ್ಯೂರಿ ಕಾಯ್ದೆ ಭಾರತೀಯರನ್ನು ಜ್ಯೂರಿಗೆ ಸೇರಿಸಿಕೊಂಡಿತು, ಆದರೆ ಕ್ರೈಸ್ತ ಆರೋಪಿಯ ವಿಚಾರಣೆಯಲ್ಲಿ ಕ್ರೈಸ್ತರಲ್ಲದವರು ಕೂರಬಾರದು ಎಂದು ಬೇಲಿ ಹಾಕಿತು. ರಾಜಾ ರಾಮಮೋಹನ ರಾಯರು ಇದನ್ನು ಬಲವಾಗಿ ವಿರೋಧಿಸಿದರು. 1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ಬೇಲಿಯನ್ನು ತೆಗೆದು, ಭಾರತೀಯರೂ ಜೆ.ಪಿ. ಆಗಬಹುದು ಎಂದಿತು. ಎರಡು ವರ್ಷದ ಬಳಿಕ ಮುಂಬಯಿಯಲ್ಲಿ 13 ಮಂದಿ ಭಾರತೀಯರು ಜೆ.ಪಿ.ಗಳಾದರು. ಜಮ್ಶೇಟ್‌ಜಿ ಜೀಜೀಭಾಯ್ ಇದ್ದರು, ಶಂಕರಶೇಟರಿದ್ದರು. ಪಾರ್ಸಿ, ಹಿಂದೂ, ಮುಸಲ್ಮಾನ ಮೂರೂ ಸಮುದಾಯದ ಹೆಸರುಗಳು ಅಲ್ಲಿದ್ದವು.

ಆ ಪಟ್ಟಿ ನೋಡಿದವರಿಗೆ ಸಮಾಧಾನವಾದದ್ದು ಸಹಜ. ಬಣ್ಣದ ಗೋಡೆ ಒಡೆದಿತ್ತು, ಮತದ ಗೋಡೆ ಒಡೆದಿತ್ತು. ಅದು ಸಣ್ಣ ಸಾಧನೆಯಲ್ಲ. ಆದರೆ ಅದೇ 13 ಹೆಸರುಗಳ ಪಕ್ಕದಲ್ಲಿ ಮತದ ಬದಲು ಕಸುಬು ಬರೆದು ನೋಡಿ. ಹತ್ತಿ, ಅಫೀಮು, ಹಡಗು, ಸಾಲದ ವ್ಯವಹಾರ. ಮುಂಬಯಿಯ ಶೇಟಿಯಾಗಳು ಎಂದು ಕರೆಸಿಕೊಂಡ ವರ್ತಕರೇ ಹೆಚ್ಚು. ಹಮಾಲನಿಲ್ಲ, ನೇಕಾರನಿಲ್ಲ, ಖಾಡಿಯ ಕೋಳಿ ಮೀನುಗಾರನಿಲ್ಲ. ಸಮುದಾಯ ಎಣಿಸಿದರೆ ಊರಿನ ಎಲ್ಲರೂ ಇದ್ದಂತೆ ಕಾಣುವ ಪಟ್ಟಿ, ಕಸುಬು ಎಣಿಸಿದರೆ ಒಂದೇ ಬೀದಿಯವರದಾಗುತ್ತದೆ. ಆಗ ಯಾರೂ ಹಾಗೆ ಎಣಿಸಲಿಲ್ಲ, ಏಕೆಂದರೆ ಸರ್ಕಾರದ ದಫ್ತರದಲ್ಲಿ ಆ ಕಾಲಂ ಇರಲಿಲ್ಲ. ಕ್ರಿಸ್ಟೀನ್ ಡಾಬಿನ್ 1972ರಲ್ಲಿ ಪಶ್ಚಿಮ ಭಾರತದ ನಗರ ನಾಯಕತ್ವದ ಮೇಲಿನ ಪುಸ್ತಕ ಬರೆದು, 19ನೆಯ ಶತಮಾನದ ಮುಂಬಯಿಯ ಸಾರ್ವಜನಿಕ ಬದುಕನ್ನು ಶೇಟಿಯಾಗಳು ಮತ್ತು ಇಂಗ್ಲಿಷ್ ಕಲಿತ ಹೊಸ ವಿದ್ಯಾವಂತರ ನಡುವಿನ ಜಗ್ಗಾಟವಾಗಿ ಓದಿ ತೋರಿಸಿದ ಮೇಲೆ, ಮತದ ಲೆಕ್ಕದ ಅಡಿಯಲ್ಲಿದ್ದ ಹಣದ ಲೆಕ್ಕ ಓದುಗರಿಗೆ ಸ್ಪಷ್ಟವಾಯಿತು.

ಜೆ.ಪಿ. ಎಂದರೆ ಬರೀ ಬಿರುದಾಗಿದ್ದರೆ ಈ ಕಾಲಂ ಇಲ್ಲದಿದ್ದರೂ ನಷ್ಟವಿರಲಿಲ್ಲ. ಹಾಗಿರಲಿಲ್ಲ. 1865ರಲ್ಲಿ ಮುಂಬಯಿಯ ನಗರಾಡಳಿತವನ್ನೇ ಜೆ.ಪಿ.ಗಳ ಸಂಸ್ಥೆಗೆ ಒಪ್ಪಿಸಲಾಯಿತು. 1872ರ ಮುನಿಸಿಪಲ್ ಕಾಯ್ದೆಯಲ್ಲಿ 64 ಸದಸ್ಯರ ಪೈಕಿ 32 ಮಂದಿಯನ್ನು ತೆರಿಗೆ ಕಟ್ಟುವವರು ಆರಿಸುತ್ತಿದ್ದರು, 16 ಮಂದಿ ಸರ್ಕಾರದವರು, ಉಳಿದ 16 ಮಂದಿಯನ್ನು ಆರಿಸುವ ಹಕ್ಕು ಜೆ.ಪಿ.ಗಳದು. ನಲ್ಲಿ ಎಲ್ಲಿ ಬರಬೇಕು, ಗಟಾರ ಎಲ್ಲಿ ಹಾಯಬೇಕು ಎನ್ನುವ ತೀರ್ಮಾನದಲ್ಲಿ ಕಾಲು ಭಾಗ ಈ ನೇಮಿತ ಪಟ್ಟಿಯ ಕೈಯಲ್ಲಿತ್ತು. ಇನ್ನು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತಿದ್ದ ಕಾನೂನುಗಳಲ್ಲಿ 1859ರ ಕರಾರು ಭಂಗ ಕಾಯ್ದೆಯೂ ಒಂದು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರು ಅವನನ್ನು ಹಿಡಿದು ತರಿಸಬಹುದು, ದುಡಿ ಎಂದು ಆಜ್ಞೆ ಕೊಡಬಹುದು, ಮೀರಿದರೆ ಜೈಲಿಗೂ ಕಳಿಸಬಹುದು. ಮಾತು ತಪ್ಪಿದ ಧಣಿಗೆ ಅಂಥ ಶಿಕ್ಷೆಯಿರಲಿಲ್ಲ. ಆ ಕಾಯ್ದೆ 1920ರ ದಶಕದವರೆಗೂ ಬದುಕಿತ್ತು. ಮುಂಗಡ ಕೊಡುವವರ ಸಾಲಿನಿಂದ ಬಂದವರು ಪೀಠದಲ್ಲಿರುವುದಕ್ಕೂ, ಮುಂಗಡ ತೆಗೆದುಕೊಳ್ಳುವವರ ಸಾಲನ್ನು ಕಂಡವರು ಇರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿಯ ಚಿತ್ರ ಬೇರೆ ರೀತಿಯದು. ಇಂದು ಡೊಂಬಿವಲಿ, ಘನ್ಸೋಲಿ, ತುರ್ಭೆ ಎಂದು ರೈಲ್ವೆ ಫಲಕಗಳಲ್ಲಿ ಓದುವ ಹೆಸರುಗಳು ಆಗ ಆಗ್ರಿ, ಕೋಳಿ, ಕುಣಬಿಗಳ ಊರುಗಳು. ಅಲ್ಲಿ ಸಣ್ಣಪುಟ್ಟ ಹೊಡೆದಾಟ, ಬೈಗುಳದ ವಿಚಾರಣೆಯ ಅಧಿಕಾರವನ್ನು 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನಿಗೆ ಕೊಡಬಹುದಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಪೊಲೀಸ್ ಗೌಡನದೂ ಇದೇ ಕಾಯ್ದೆ. ಹುದ್ದೆ ಮನೆತನದ ವತನ. ಭೂಮಿಯಿದ್ದ ಮನೆ, ತಲೆಮಾರಿನಿಂದ ತಲೆಮಾರಿಗೆ. ನಗರದಲ್ಲಿ ಶೇಟಿಯಾ, ಹಳ್ಳಿಯಲ್ಲಿ ವತನದಾರ. ಎರಡೂ ಕಡೆ ಕೂಲಿಯವನು ಪೀಠದ ಎದುರು ಮಾತ್ರ ನಿಲ್ಲುತ್ತಿದ್ದ.

ಇಲ್ಲಿಗೆ ಲೋಖಂಡೆ ಬರುತ್ತಾರೆ. ಥಾಣೆಯಲ್ಲಿ ಮೆಟ್ರಿಕ್ ತನಕ ಕಲಿತು, ರೈಲ್ವೆಯಲ್ಲಿ, ಅಂಚೆಯಲ್ಲಿ ಗುಮಾಸ್ತರಾಗಿ, ಬಳಿಕ ಮಾಂಡವಿಯ ಬಟ್ಟೆ ಗಿರಣಿಯಲ್ಲಿ ಸ್ಟೋರ್‌ಕೀಪರ್ ಆದರು. ಮುಂಬಯಿಯಿಂದ ಥಾಣೆಗೆ 1853ರ ಏಪ್ರಿಲ್ 16ರಂದು ಮೊದಲ ರೈಲು ಓಡಿದಾಗ ಅದರ ಹಿಂದೆ ಬಂಡವಾಳ ಮತ್ತು ಪ್ರಭಾವ ಹೂಡಿದವರಲ್ಲಿ ಶಂಕರಶೇಟರು ಒಬ್ಬರು. ಅದೇ ರೈಲ್ವೆ ಆಮೇಲೆ ಥಾಣೆಯ ಬಡ ಹುಡುಗನಿಗೆ ಗುಮಾಸ್ತಿಕೆಯ ದಾರಿ ತೆರೆಯಿತು. ಗಿರಣಿಯಲ್ಲಿ ಬೆಳಗಿನಿಂದ ಕತ್ತಲವರೆಗೆ ರಜೆಯಿಲ್ಲದೆ ದುಡಿಯುವವರನ್ನು ಲೋಖಂಡೆ ದಿನವೂ ಕಂಡರು. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಜೊತೆಗೂಡಿ, 1880ರಿಂದ ‘ದೀನಬಂಧು’ ಪತ್ರಿಕೆ ನಡೆಸಿದರು. 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿ, ಸುಮಾರು 5,500 ಕಾರ್ಮಿಕರ ಸಹಿಯ ಮನವಿಯನ್ನು ಫ್ಯಾಕ್ಟರಿ ಆಯೋಗದ ಮುಂದಿಟ್ಟರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಪಗಾರ, ಅಪಘಾತಕ್ಕೆ ಪರಿಹಾರ: ಬೇಡಿಕೆಗಳು ಇಷ್ಟೇ. 1890ರ ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆ ಒಪ್ಪಿದರು. 1893ರ ಹಿಂದೂ ಮುಸ್ಲಿಂ ಗಲಭೆಯಲ್ಲಿ ಶಾಂತಿಗಾಗಿ ಓಡಾಡಿದ್ದಕ್ಕೆ ಸರ್ಕಾರ ರಾವಬಹಾದ್ದೂರ್ ಪದವಿ ಕೊಟ್ಟಿತು, ಜೆ.ಪಿ. ಗೌರವವನ್ನೂ ಕೊಟ್ಟಿತು. 1897ರ ಫೆಬ್ರವರಿಯಲ್ಲಿ, ಪ್ಲೇಗಿನ ರೋಗಿಗಳಿಗೆ ಆಸ್ಪತ್ರೆ ನಡೆಸುತ್ತಿದ್ದಾಗ ಅದೇ ಪ್ಲೇಗಿಗೆ ತುತ್ತಾದರು.

ಲೋಖಂಡೆಯವರ ಜೆ.ಪಿ. ಗೌರವವನ್ನು ನೋಡಿ ಬಾಗಿಲು ತೆರೆಯಿತು ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಗಿರಣಿಯ ಮಗ್ಗದ ಮುಂದೆ ನಿಂತವನಿಗಲ್ಲ, ಇಂಗ್ಲಿಷ್ ಓದಬಲ್ಲ ಸ್ಟೋರ್‌ಕೀಪರನಿಗೆ ಅದು ಸಿಕ್ಕಿತು. ಅವರ ಹೆಸರು ಪಟ್ಟಿಗೆ ಸೇರಿದ್ದರಿಂದ ಆದ ದೊಡ್ಡ ಉಪಕಾರ ಬೇರೆ: ಅವರ ಪಕ್ಕದಲ್ಲಿಟ್ಟು ನೋಡಿದಾಗ ಉಳಿದವರೆಲ್ಲ ಎಲ್ಲಿಂದ ಬಂದವರು ಎಂಬುದು ಕಂಡಿತು. ಈ ಕಾಣ್ಕೆಯೂ ತಡವಾಗಿಯೇ ಬಂತು. ದೇಶೀ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ಕಣ್ಣಿಡಲು ಬ್ರಿಟಿಷ್ ಸರ್ಕಾರ ಅನುವಾದಕರಿಂದ ವಾರವಾರ ಸಾರಾಂಶ ಬರೆಸಿಕೊಳ್ಳುತ್ತಿತ್ತು. ಅನುಮಾನದಿಂದ ಬರೆಸಿದ ಆ ಕಾಗದಗಳೇ ನೂರು ವರ್ಷದ ಬಳಿಕ ಇತಿಹಾಸಕಾರರಿಗೆ ಬ್ರಾಹ್ಮಣೇತರ ಪತ್ರಿಕೆಗಳ ದನಿ ಕೇಳಿಸಿದವು. ಗೇಲ್ ಆಮ್ವೆಟ್ 1976ರಲ್ಲಿ, ರೊಸಾಲಿಂಡ್ ಓಹ್ಯಾನ್ಲನ್ 1985ರಲ್ಲಿ ಸತ್ಯಶೋಧಕ ಲೋಕವನ್ನು ಇತಿಹಾಸದ ನಡುಮನೆಗೆ ತಂದರು. ಮನೋಹರ ಕದಂ ಮರಾಠಿಯಲ್ಲಿ ಲೋಖಂಡೆಯವರ ಜೀವನ ಕಥನ ಬರೆದರು. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಚೀಟಿ ತಂದಿತು.

ಇಂಗ್ಲೆಂಡಿನಲ್ಲಿ ಇದೇ ಸಂಗತಿ ಬೆಳಕಿಗೆ ಬಂದ ದಾರಿ ಬೇರೆ. ಅಲ್ಲಿ ಕೌಂಟಿಯ ಜೆ.ಪಿ. ಆಗಲು ಆಸ್ತಿಯಿರಬೇಕು ಎಂದು ಕಾನೂನೇ ಹೇಳುತ್ತಿತ್ತು. 1906ರಲ್ಲಿ ಆ ಷರತ್ತು ಹೋಯಿತು. ಷರತ್ತು ಹೋದ ಮೇಲೂ ಪೀಠದ ಮುಖಗಳು ಬದಲಾಗಲಿಲ್ಲ. ಜಹಗೀರುದಾರರು, ಅವರಲ್ಲೂ ಒಂದೇ ಪಕ್ಷದವರು ತುಂಬಿದ್ದಾರೆ ಎಂಬ ರಾಜಕೀಯ ದೂರಿನಿಂದ ರಾಯಲ್ ಕಮಿಷನ್ ನೇಮಕವಾಯಿತು. 1910ರಲ್ಲಿ ಅದು, ದುಡಿಯುವ ಜನರ ಬದುಕನ್ನು ಒಳಗಿನಿಂದ ಬಲ್ಲ ಕಾರ್ಮಿಕರನ್ನೂ ನೇಮಿಸಬೇಕು ಎಂದಿತು. ಎರಡನೆಯ ಮಹಾಯುದ್ಧದ ಬಳಿಕ, 1946ರಿಂದ 48ರವರೆಗೆ ಕೂತ ಎರಡನೆಯ ಕಮಿಷನ್ ಅನಿಸಿಕೆಗಳನ್ನು ಬದಿಗಿಟ್ಟು ಜೆ.ಪಿ.ಗಳಿಗೇ ಪ್ರಶ್ನಾವಳಿ ಕಳಿಸಿ, ವಯಸ್ಸು ಎಷ್ಟು, ಕಸುಬು ಯಾವುದು ಎಂದು ಕೇಳಿತು. ಈ ಕತೆಯ ನಿಜವಾದ ಆವಿಷ್ಕಾರ ಆ ಪ್ರಶ್ನಾವಳಿ ಎಂದು ನಾನು ತಿಳಿದಿದ್ದೇನೆ. ಅಲ್ಲಿಯವರೆಗೆ ವಾದವಿತ್ತು, ಅಲ್ಲಿಂದ ಲೆಕ್ಕ ಶುರುವಾಯಿತು. 1976ರಲ್ಲಿ ಜಾನ್ ಬಾಲ್ಡ್‌ವಿನ್ ಹೊಸದಾಗಿ ನೇಮಕವಾದವರನ್ನು ಅಭ್ಯಾಸ ಮಾಡಿದಾಗಲೂ ಕೈಕೆಲಸದವರು ತೀರ ಕಡಿಮೆ. 2000ದಲ್ಲಿ ರಾಡ್ ಮಾರ್ಗನ್ ಮತ್ತು ನೀಲ್ ರಸೆಲ್ ಮತ್ತೆ ಎಣಿಸಿದರು: ಮೂರರಲ್ಲಿ ಎರಡು ಪಾಲಿನಷ್ಟು ಜನ ಮ್ಯಾನೇಜರಿಕೆ ಅಥವಾ ವೃತ್ತಿಪರ ಹುದ್ದೆಯ ಹಿನ್ನೆಲೆಯವರು, ಹಲವರು ನಿವೃತ್ತರು.

ಆಸ್ತಿಯ ಷರತ್ತು ಹೋಗಿ ತೊಂಬತ್ತು ವರ್ಷ ದಾಟಿದರೂ ಹೀಗೇಕೆ? ಎಣಿಕೆಯೇ ಉತ್ತರ ಹೇಳಿತು. ಸಂಬಳವಿಲ್ಲದ ಕೆಲಸಕ್ಕೆ ಹಗಲು ಹೊತ್ತಿನ ಬಿಡುವು ಬೇಕು. ಬಿಡುವು ಎಲ್ಲ ವರ್ಗದಲ್ಲೂ ಸಮನಾಗಿ ಹಂಚಿಲ್ಲ. ಹೆಸರು ಸೂಚಿಸುವವರು ತಮಗೆ ಗೊತ್ತಿದ್ದವರನ್ನೇ ಸೂಚಿಸುತ್ತಾರೆ. ಯಾರೂ ಯಾರನ್ನೂ ತಡೆಯುವುದಿಲ್ಲ, ಆದರೂ ನೀರು ಇಳಿಜಾರಿಗೇ ಹರಿದಂತೆ ಪೀಠ ಒಂದೇ ಕಡೆ ತುಂಬುತ್ತದೆ. ಅದಕ್ಕೇ ಅಲ್ಲಿ ಪ್ರಯಾಣ ಭತ್ಯೆ ಬಂತು, ಕಳೆದುಕೊಂಡ ಕೂಲಿಗೆ ಭತ್ಯೆ ಬಂತು, ಪೀಠದ ಕೆಲಸಕ್ಕೆ ನೌಕರನಿಗೆ ಬಿಡುವು ಕೊಡಲೇಬೇಕು ಎಂದು ಕಾನೂನೂ ಬಂತು.

ಕನ್ನಡ ನಾಡು ಈ ಎಣಿಕೆಯಲ್ಲಿ ಹಿಂದೆ ಬಿದ್ದದ್ದಲ್ಲ. 1918ರಲ್ಲಿ ಮೈಸೂರು ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿ, ಸರ್ಕಾರಿ ಕೆಲಸದಲ್ಲಿ ಯಾವ ಸಮುದಾಯ ಎಷ್ಟಿದೆ ಎಂದು ನೋಡಿಸಿತು. ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು, ಏಳು ವರ್ಷದೊಳಗೆ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರ್ ಆಯೋಗ ಜಾತಿಯ ಜೊತೆಗೆ ಕಸುಬು, ವಾಸದ ನೆಲೆ, ಆರ್ಥಿಕ ಸ್ಥಿತಿಯನ್ನೂ ತೂಕಕ್ಕೆ ಹಾಕಿತು. ಮುಂಬಯಿಯ ಪಟ್ಟಿಯಲ್ಲಿ 1834ರಿಂದ ಕಾಣೆಯಾಗಿದ್ದ ಕಾಲಂ ಅದೇ.

ಹಾವನೂರರು ವರದಿ ಬರೆಯುತ್ತಿದ್ದ ಹೊತ್ತಿಗೇ ದೇಶದ ದಂಡ ಪ್ರಕ್ರಿಯೆ ಬದಲಾಗಿತ್ತು. 1974ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಜೆ.ಪಿ.ಗಳಿಗೆ ಜಾಗವಿರಲಿಲ್ಲ. ಅದರ ಬದಲು ಎರಡು ಬಾಗಿಲು. 13ನೆಯ ಕಲಮಿನಲ್ಲಿ ವಿಶೇಷ ನ್ಯಾಯಿಕ ಮ್ಯಾಜಿಸ್ಟ್ರೇಟ್: ಮೊಕದ್ದಮೆ ನಡೆಸಬಹುದಿತ್ತು, ಆದರೆ ಸರ್ಕಾರಿ ಹುದ್ದೆಯಲ್ಲಿರುವವರು ಅಥವಾ ಇದ್ದವರು ಮಾತ್ರ. 21ನೆಯ ಕಲಮಿನಲ್ಲಿ ವಿಶೇಷ ಕಾರ್ಯಕಾರಿ ಮ್ಯಾಜಿಸ್ಟ್ರೇಟ್: ಯಾರನ್ನು ನೇಮಿಸಬೇಕು ಎಂಬುದಕ್ಕೆ ಯಾವ ಅರ್ಹತೆಯೂ ಇರಲಿಲ್ಲ, ರಾಜ್ಯ ಸರ್ಕಾರದ ಇಚ್ಛೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಹೀಗೆ. ಒಂದು ಬಾಗಿಲು ಶೇಟಿಯಾನ ಜಾಗಕ್ಕೆ ನಿವೃತ್ತ ಅಧಿಕಾರಿಯನ್ನು ತಂದಿತು, ಇನ್ನೊಂದು ಬಾಗಿಲು ಮಂತ್ರಿ ಶಾಸಕರಿಗೆ ಬೇಕಾದವರಿಗೆ ತೆರೆಯಿತು. ಬೀಡಿ ಕಟ್ಟುವವಳು, ಗಾರೆ ಕೆಲಸದವನು ಎರಡರಲ್ಲೂ ಹೊರಗೆ ಉಳಿದರು.

ಮಹಾರಾಷ್ಟ್ರದಲ್ಲಿ ಈ ಎರಡನೆಯ ಬಾಗಿಲಿನಿಂದ ಬಂದವರ ಕೆಲಸ ಬಹಳ ಜನರಿಗೆ ತಿಳಿದಿಲ್ಲ. ನಕಲು ಪ್ರತಿಗೆ ಶಿಕ್ಕಾ ಹಾಕುವುದು, ನಡತೆಯ ದಾಖಲೆ ಕೊಡುವುದು ಎಂದಷ್ಟೇ ಡೊಂಬಿವಲಿಯ ಚಾಳಿನವರು ಬಲ್ಲರು. ಕ್ರಿಮಿನಲ್ ತೀರ್ಪುಗಳನ್ನು ಓದಿದರೆ ಬೇರೆಯೇ ತೂಕ ಕಾಣುತ್ತದೆ. ದಶಕಗಳ ಕಾಲ ಆರೋಪಿಗಳ ಗುರುತು ಪತ್ತೆಯ ಪರೇಡನ್ನು ಇವರೇ ಜೈಲಿನಲ್ಲಿ ನಡೆಸಿದರು, ಆಸ್ಪತ್ರೆಯಲ್ಲಿ ಮರಣ ಹೇಳಿಕೆಯನ್ನು ಇವರೇ ಬರೆದುಕೊಂಡರು. ಪರೇಡ್ ಹೇಗೆ ನಡೆಯಬೇಕು ಎಂದು ಮುಂಬಯಿ ಹೈಕೋರ್ಟಿನ ಕ್ರಿಮಿನಲ್ ಮ್ಯಾನ್ಯುವಲ್ ಬಲು ಎಚ್ಚರದಿಂದ ಹೇಳುತ್ತದೆ: ಒಬ್ಬ ಶಂಕಿತನ ಜೊತೆ ಕನಿಷ್ಠ ಆರು ಮಂದಿ, ವಯಸ್ಸು ಮತ್ತು ಮೈಕಟ್ಟು ಹೆಚ್ಚು ಕಡಿಮೆ ಒಂದೇ ಇರಬೇಕು, ಪೊಲೀಸರು ಹತ್ತಿರ ಇರಬಾರದು. ಸಾಲಿನಲ್ಲಿ ನಿಲ್ಲುವವರ ಹೋಲಿಕೆಯ ಬಗ್ಗೆ ಇಷ್ಟು ಕಾಳಜಿ ಇದೆ. ಸಾಲು ನಿಲ್ಲಿಸುವವರು ಯಾವ ಬದುಕಿನಿಂದ ಬಂದವರು ಎಂಬ ಬಗ್ಗೆ ಸಂಹಿತೆಯ 21ನೆಯ ಕಲಮು ಮೌನವಾಗಿತ್ತು. ಮರಣ ಹೇಳಿಕೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 2002ರ ಲಕ್ಷ್ಮಣ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಹೇಳುವವರು ಸ್ವಸ್ಥ ಮನಸ್ಸಿನಲ್ಲಿದ್ದರು ಎಂದು ಬರೆದುಕೊಂಡವರಿಗೆ ಖಾತ್ರಿಯಾಗಿದ್ದರೆ ಸಾಕು, ವೈದ್ಯರ ಪ್ರಮಾಣಪತ್ರ ಇಲ್ಲವೆಂದು ಹೇಳಿಕೆಯನ್ನು ತಳ್ಳಲಾಗದು ಎಂದಿತು. ಸುಟ್ಟ ಗಾಯದ ಹೆಂಗಸಿನ ಕೊನೆಯ ಮಾತು ಬರೆದುಕೊಳ್ಳುವವರಿಗೆ ಅವಳ ಮನೆಯ ರೀತಿ, ಅವಳ ಭಯ, ಅವಳ ಆಡುಮಾತು ಗೊತ್ತಿರುವುದು ಎಷ್ಟು ಮುಖ್ಯ ಎಂದು ಇದರಿಂದ ಅಂದಾಜಾಗುತ್ತದೆ.

ಮುಂದೆ ರಾಜ್ಯ ಈ ಹುದ್ದೆಯಿಂದ ದಂಡಾಧಿಕಾರವನ್ನು ಕಳಚಿ ವಿಶೇಷ ಕಾರ್ಯಕಾರಿ ಅಧಿಕಾರಿ ಎಂದು ಹೆಸರಿಟ್ಟಿತು. ಥಾಣೆ, ನವಿಮುಂಬಯಿಯಂಥ ಪೊಲೀಸ್ ಕಮಿಷನರೇಟುಗಳಲ್ಲಿ ‘ಚಾಪ್ಟರ್ ಕೇಸ್’ ಎನ್ನುವ ಮುಂಜಾಗ್ರತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಎ.ಸಿ.ಪಿ. ದರ್ಜೆಯ ಪೊಲೀಸರಿಗೇ ಹೋಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 15ನೆಯ ಕಲಮು ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯನ್ನು ವಿಶೇಷ ಕಾರ್ಯಕಾರಿ ಮ್ಯಾಜಿಸ್ಟ್ರೇಟ್ ಆಗಿ ನೇಮಿಸಬಹುದೆಂದು ಬಾಯ್ಬಿಟ್ಟೇ ಹೇಳುತ್ತದೆ. ಇನ್ನೊಂದು ಕಡೆ, 2025ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ರತಿ 500 ಮತದಾರರಿಗೆ ಒಬ್ಬ ಕಾರ್ಯಕಾರಿ ಅಧಿಕಾರಿ ಎಂಬ ಅಳತೆ ತಂದಿತು. ರಾಜ್ಯಕ್ಕೆಲ್ಲ ಸುಮಾರು 1.94 ಲಕ್ಷ ಮಂದಿ.

500 ಮತದಾರರು ಎಂದರೆ ಡೊಂಬಿವಲಿಯಲ್ಲಿ ಒಂದು ದೊಡ್ಡ ಸೊಸೈಟಿ, ಇಲ್ಲವೇ ಮೂರು ನಾಲ್ಕು ಚಾಳು. ನಮ್ಮ ಕನ್ನಡಿಗರನ್ನೇ ತೆಗೆದುಕೊಳ್ಳಿ. ಈ ಪಟ್ಟಣಗಳಲ್ಲಿ ಹೋಟೆಲಿನ ಧಣಿಗಳಿದ್ದಾರೆ, ಬ್ಯಾಂಕಿನ ನಿವೃತ್ತರಿದ್ದಾರೆ, ಸಂಘದ ಪದಾಧಿಕಾರಿಗಳಿದ್ದಾರೆ. ಅವರ ಜೊತೆಗೇ ಹೋಟೆಲಿನ ಭಟ್ಟಿಯ ಮುಂದೆ ಬೆವರುವ ಹುಡುಗರಿದ್ದಾರೆ, ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ಕಾಯುವ ಕಲಬುರಗಿ, ವಿಜಯಪುರದ ಲಂಬಾಣಿಗಳಿದ್ದಾರೆ, ತುರ್ಭೆಯ ಕಲ್ಲುಕ್ವಾರಿಗಳಲ್ಲಿ ಕಲ್ಲು ಒಡೆದ ಒಡ್ಡರಿದ್ದಾರೆ. ಶಿಕ್ಕಾ ಹೆಚ್ಚು ಬೇಕಾಗುವುದು ಈ ಎರಡನೆಯವರಿಗೆ: ರೇಷನ್ ಕಾರ್ಡಿಗೆ, ಮಗುವಿನ ಶಾಲೆಗೆ, ಬಾಡಿಗೆ ಮನೆಗೆ. ಶಿಕ್ಕಾ ಕೈಗೆ ಬರುವುದು ಮೊದಲನೆಯವರಿಗೆ. ನಾಕಾದ ಕೂಲಿಯವನ ಹೆಸರನ್ನು ಸೂಚಿಸಬೇಕೆಂದು ನಮ್ಮ ಸಂಘಗಳಿಗಾದರೂ ಹೊಳೆಯಲಿ ಎಂದು ನನ್ನ ಆಸೆ.

ನಿಜವಾದ ಅರ್ಥದಲ್ಲಿ ಜನಸಾಮಾನ್ಯ ಮ್ಯಾಜಿಸ್ಟ್ರೇಟರು ಇಂದು ಉಳಿದಿರುವುದು ಬಾಲನ್ಯಾಯ ಮಂಡಳಿಗಳಲ್ಲಿ. ಥಾಣೆ ಜಿಲ್ಲೆಯ ಮಂಡಳಿ ಭಿವಂಡಿಯಲ್ಲಿ ಕೂರುತ್ತದೆ. ಒಬ್ಬ ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮೂವರೂ ಸೇರಿದ ಪೀಠಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರ. 1986ರ ಕಾಯ್ದೆಯಲ್ಲಿ ಈ ಇಬ್ಬರು ನೆರವಿಗೆ ಮಾತ್ರ ಇದ್ದರು, 2000ದ ಕಾಯ್ದೆ ಅವರನ್ನು ಪೀಠಕ್ಕೇ ಏರಿಸಿತು. 2015ರ ಕಾಯ್ದೆ ಕೇಳುವ ಅರ್ಹತೆ, ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷದ ಕೆಲಸ, ಇಲ್ಲವೇ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಕಾನೂನಿನಂಥ ವಿಷಯದ ಪದವಿ ಪಡೆದು ವೃತ್ತಿಯಲ್ಲಿರುವುದು. ಮಗುವಿನ ಹಿತಕ್ಕೆ ಇದು ಬೇಕು, ಒಪ್ಪುತ್ತೇನೆ. ಆದರೆ ಆ ಮಂಡಳಿಯ ಮುಂದೆ ನಿಲ್ಲುವ ಹುಡುಗ ಹೆಚ್ಚಾಗಿ ಝೋಪಡಪಟ್ಟಿಯವನು. ಅದೇ ಬಸ್ತಿಯಲ್ಲಿ ಏಳು ವರ್ಷ ಅಂಗನವಾಡಿ ನಡೆಸಿದ ಹೆಂಗಸು ಕಾನೂನಿನ ಮೊದಲ ಷರತ್ತಿಗೇ ಹೊಂದುತ್ತಾಳೆ. ಅವಳನ್ನು ಅರ್ಜಿ ಹಾಕು ಎಂದು ಕರೆಯುವವರು ಬೇಕು.

2008ರ ಗ್ರಾಮ ನ್ಯಾಯಾಲಯ ಕಾಯ್ದೆಯ ಕತೆ ಇದಕ್ಕೆ ಪೂರಕ. 1986ರಲ್ಲಿ ಕಾನೂನು ಆಯೋಗ ತನ್ನ 114ನೆಯ ವರದಿಯಲ್ಲಿ ಒಬ್ಬ ನ್ಯಾಯಾಧೀಶರ ಜೊತೆ ಇಬ್ಬರು ಜನಸಾಮಾನ್ಯ ನ್ಯಾಯಾಧೀಶರನ್ನು ಸೂಚಿಸಿತ್ತು. ಕಾಯ್ದೆಯಾಗುವಾಗ ಆ ಇಬ್ಬರನ್ನು ಕೈಬಿಡಲಾಯಿತು. ಆದರೂ ಉಳಿದ ಒಬ್ಬ ನ್ಯಾಯಾಧಿಕಾರಿಯ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಮಹಿಳೆಯರಿಗೆ ಪ್ರಾತಿನಿಧ್ಯ ಕೊಡಬೇಕು ಎಂದು 6ನೆಯ ಕಲಮು ಬರೆದುಕೊಂಡಿತು. ಎಣಿಕೆ ಮೇಲಕ್ಕೂ ಹತ್ತಿತು. 2018ರಿಂದ ಹೈಕೋರ್ಟಿಗೆ ಶಿಫಾರಸಾದವರು ತಮ್ಮ ಸಾಮಾಜಿಕ ಹಿನ್ನೆಲೆಯನ್ನು ಬರೆದುಕೊಡಬೇಕಾಯಿತು. 2023ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಂತೆ, ಆ ಅವಧಿಯಲ್ಲಿ ನೇಮಕವಾದ 604 ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ 458 ಸಾಮಾನ್ಯ ವರ್ಗ, 72 ಹಿಂದುಳಿದ ವರ್ಗ, 34 ಅಲ್ಪಸಂಖ್ಯಾತರು, 18 ಪರಿಶಿಷ್ಟ ಜಾತಿ, 9 ಪರಿಶಿಷ್ಟ ಪಂಗಡ. 13 ಮಂದಿಯ ಮಾಹಿತಿ ಇರಲಿಲ್ಲ. ಒಂದು ಕಾಲಂ ಸೇರಿಸಿದ್ದರಿಂದಲೇ ಈ ಅಂಕಿ ದೇಶಕ್ಕೆ ಸಿಕ್ಕಿತು.

1.94 ಲಕ್ಷ ಕಾರ್ಯಕಾರಿ ಅಧಿಕಾರಿಗಳ ಪಟ್ಟಿ ಜಿಲ್ಲೆ ಜಿಲ್ಲೆಯಲ್ಲಿ ಸಿದ್ಧವಾಗುವಾಗ ಕಸುಬಿನ ಕಾಲಮನ್ನೂ ತುಂಬಿಸಿ ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಈಗ ಮಾಡುತ್ತಿರುವ ಕೆಲಸ, ಪಗಾರವೇ ದಿನಗೂಲಿಯೇ, ತಂದೆ ತಾಯಿಯ ಕಸುಬು: ಮೂರು ಪ್ರಶ್ನೆ ಸಾಕು. ಥಾಣೆ ಜಿಲ್ಲೆಯ ಪಟ್ಟಿಯನ್ನು ಹಾಗೆ ಮೊದಲು ಪ್ರಕಟಿಸಿದರೆ, ಶಂಕರಶೇಟರ ಮುರ್ಬಾಡ್ ತಾಲೂಕಿನಲ್ಲಿ ಎಷ್ಟು ಮಂದಿ ಭೂಮಿಯಿಲ್ಲದವರು, ಕಲ್ಯಾಣ ಡೊಂಬಿವಲಿಯಲ್ಲಿ ಎಷ್ಟು ಮಂದಿ ದಿನಗೂಲಿಯವರು, ನವಿಮುಂಬಯಿಯಲ್ಲಿ ಎಷ್ಟು ಮಂದಿ ಮನೆಗೆಲಸದ ಹೆಂಗಸರು ಎಂದು ತಾಲೂಕು ಕಚೇರಿಯಲ್ಲಿ ಕೂತ ಗುಮಾಸ್ತರೂ ಒಂದು ಮಧ್ಯಾಹ್ನದಲ್ಲಿ ಎಣಿಸಿ ಹೇಳಬಲ್ಲರು.